ಓದಿ ಹೇಳಿದ ಒಂಬತ್ತು ಪುಟ

ಕಡೂರು ಕೋರ್ಟಿನ ಎದುರು ನಾನು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದ ಅಷ್ಟೂ ವರ್ಷಗಳಲ್ಲಿ ಅತಿ ಹೆಚ್ಚು ಸಲ ಹೊಡೆದ ವಾಕ್ಯ ಯಾವುದು ಅಂತ ಕೇಳಿದರೆ ನಾನು ಯೋಚನೆ ಮಾಡಬೇಕಾಗಿಯೇ ಇಲ್ಲ. ಅಫಿಡವಿಟ್ಟಿನ ಕಟ್ಟಕಡೆಗೆ ಬರುವ ವಾಕ್ಯ ಅದು. ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದನ್ನೆಲ್ಲ ಪ್ರಮಾಣ ಮಾಡುವವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ಅವರು ತಿಳಿದುಕೊಂಡು ಒಪ್ಪಿದ್ದಾರೆ ಅಂತ. ಬೆರಳಿಗೆ ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಪಕ್ಕದ ಟೀ ಅಂಗಡಿಯವನ ಜೊತೆ ಜಗಳ ಆಡಿಕೊಂಡೇ ಹೊಡೆದು ಮುಗಿಸುತ್ತಿದ್ದೆ. ಓದಿ ಹೇಳುವುದನ್ನು ಮಾತ್ರ ಯಾರೂ ಮಾಡುತ್ತಿರಲಿಲ್ಲ. ವಕೀಲರಿಗೆ ಪುರುಸೊತ್ತಿಲ್ಲ, ಗುಮಾಸ್ತರಿಗೆ ಬಸ್ಸಿಗೆ ಹೊತ್ತಾಯಿತು, ಕಕ್ಷಿದಾರರಿಗೆ ಕೇಳುವ ಧೈರ್ಯವಿಲ್ಲ. ನಾನಂತೂ ಟೈಪ್ ಮಾಡುವವಳು, ನನಗೇಕೆ ಬೇಕು ಊರ ಉಸಾಬರಿ.

ಈಗ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಎಲ್ಲ ಇ-ಫೈಲಿಂಗ್ ಆಗಿ ನನ್ನಂಥವರಿಗೆ ಕೆಲಸವಿಲ್ಲ. ಟೈಪ್ ಮಿಷಿನ್ನು ನಮ್ಮ ಮನೆಯ ನಡುಮನೆಯಲ್ಲಿ ಹಳೇ ಸೀರೆ ಹೊದ್ದುಕೊಂಡು ಕೂತಿದೆ. ಕೆಲವು ಸಲ ಮಧ್ಯಾಹ್ನದ ಹೊತ್ತು ಸೀರೆ ಸರಿಸಿ ನಾಲ್ಕು ಅಕ್ಷರ ಹೊಡೆಯುತ್ತೇನೆ. ಆ ಟಕಟಕ ಕೇಳಿದರೆ ಕೋರ್ಟಿನ ಮುಂದಿನ ಹೊಂಗೆ ಮರ, ಬೆಂಚು, ಶಾಯಿ ಹತ್ತಿದ ಬೆರಳು ಎಲ್ಲ ಒಟ್ಟಿಗೆ ಬರುತ್ತವೆ. ಅವುಗಳ ಜೊತೆ ತಪ್ಪದೆ ಒಬ್ಬ ಹೆಂಗಸೂ ಬರುತ್ತಾಳೆ.

ಆಯಮ್ಮ ಮೊದಲು ಬಂದದ್ದು ಒಂದು ಸೋಮವಾರ ಬೆಳಿಗ್ಗೆ. ನಲವತ್ತರ ಮೇಲಿನ ವಯಸ್ಸು, ಗಟ್ಟಿ ಕೈ. ಕಂಕುಳಲ್ಲಿ ಪ್ಲಾಸ್ಟಿಕ್ ಕವರು. ನನ್ನ ಬೆಂಚಿನ ಮೇಲೇ ಕಕ್ಷಿದಾರರನ್ನು ಕೂರಿಸಿಕೊಂಡು ಮಾತಾಡುತ್ತಿದ್ದ ವಕೀಲರೊಬ್ಬರನ್ನು ಕೇಳಿಕೊಂಡು ಬಂದಿದ್ದಳು.

"ವಕೀಲ್ರು ಅವ್ರಾ ಅಕ್ಕಾ?"

"ಕೋರ್ಟ್ ಒಳಗವ್ರೆ. ಊಟದ ಹೊತ್ತಿಗೆ ಬತ್ತಾರೆ, ಕೂತ್ಕೊಳಮ್ಮ. ಯಾವೂರು ನಿಂದು?"

ಸಿಂಗಟಗೆರೆ ದಾಟಿ ಒಳಗೆ ಹೋಗಬೇಕಾದ ಒಂದು ಊರಿನ ಹೆಸರು ಹೇಳಿದಳು. ಆ ಹೆಸರು ಇಲ್ಲಿ ಬೇಡ. "ಅಲ್ಲಿ ಪಂಚಾಯ್ತಿ ಅಧ್ಯಕ್ಷೆ ಆಗಿದ್ದೆ" ಅಂದಳು.

"ಆಗಿದ್ದೆ ಅಂದ್ರೆ? ಈಗಿಲ್ವಾ?"

"ನಂಗೂ ಮೊನ್ನೆಗಂಟ ಗೊತ್ತಿರ್ಲಿಲ್ಲ ಅಕ್ಕಾ. ನಾನು ರಾಜೀನಾಮೆ ಕೊಟ್ಬಿಟ್ಟಿದ್ದೀನಂತೆ."

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ. ಕವರಿನಿಂದ ತೆಗೆದು ಕೊಟ್ಟ ಕಾಗದದಲ್ಲಿ ಅಧ್ಯಕ್ಷರ ಹುದ್ದೆ ಖಾಲಿಯಾಗಿದೆ, ಬರುವ ಸೋಮವಾರ ಹೊಸ ಅಧ್ಯಕ್ಷರ ಚುನಾವಣೆ ಅಂತ ಇತ್ತು. ಸರಿಯಾಗಿ ಒಂದು ವಾರ.

ಮಧ್ಯಾಹ್ನ ವಕೀಲರು ಬಂದ ಮೇಲೆ ಆಯಮ್ಮ ಎಲ್ಲ ಹೇಳಿದಳು, ನಾನೂ ಕೇಳಿಸಿಕೊಂಡೆ. ಆ ಸಲ ಅವರ ಪಂಚಾಯ್ತಿಯ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಗಿತ್ತು. ಗೆದ್ದವರಲ್ಲಿ ಅಂಥವರು ಇಬ್ಬರು, ಇಬ್ಬರೂ ಒಂದೇ ಕೇರಿಯವರು. ಊರಿನ ಯಜಮಾನರು ತಮ್ಮ ಮನೆ ಜಗುಲಿಯಲ್ಲಿ ಸಭೆ ಸೇರಿಸಿ ಮೂವತ್ತು ತಿಂಗಳನ್ನು ಎರಡು ಪಾಲು ಮಾಡಿದರು. ಮೊದಲ ಹದಿನೈದು ಈಕೆ, ಆಮೇಲಿನ ಹದಿನೈದು ಇನ್ನೊಬ್ಬಾಕೆ. ಊರಮ್ಮನ ಗುಡಿಯ ಮುಂದೆ ಭಾಷೆ ಆಯಿತು. ನಮ್ಮ ಕಡೆ ಇದೇನು ಹೊಸದಲ್ಲ, ಎಷ್ಟೋ ಊರುಗಳಲ್ಲಿ ನಡೆಯುತ್ತಿತ್ತು. ಭಾಷೆಯ ಜೊತೆಗೆ ಇನ್ನೊಂದೂ ನಡೆಯುತ್ತಿತ್ತು. ಹುದ್ದೆಗೆ ಕೂರುವ ಮೊದಲೇ ಒಂದು ಖಾಲಿ ಹಾಳೆಯ ತಳದಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು ಯಜಮಾನರ ಬೀರುವಿನಲ್ಲಿ ಇಟ್ಟುಕೊಳ್ಳುವುದು. ಹೊತ್ತು ಬಂದಾಗ ಮೇಲಿನ ಜಾಗದಲ್ಲಿ ರಾಜೀನಾಮೆ ಬರೆದುಕೊಂಡರೆ ಆಯಿತು. ಆಯಮ್ಮ ಜಗುಲಿಯ ಕೆಳಗೆ ನಿಂತುಕೊಂಡೇ ಹೆಬ್ಬೆಟ್ಟು ಒತ್ತಿದ್ದಳು.

"ಹಂಗಾದ್ರೆ ಈಗ ಯಾಕಮ್ಮ ತಕರಾರು?" ಅಂದರು ವಕೀಲರು.

"ನಮ್ಮೋರನ್ನ ಮಣ್ಣು ಮಾಡೋ ಜಾಗ ಸಾರ್. ಕೇರಿಗೆ ಅಂತ ಪಹಣೀಲಿ ಐತೆ, ಹೋಗಿ ನೋಡಿದ್ರೆ ಅರ್ಧಕ್ಕೆ ಯಜಮಾನ್ರು ತೆಂಗಿನ ಸಸಿ ಇಟ್ಟವ್ರೆ. ಹೋದ ವರ್ಷ ನಮ್ಮತ್ತೇನ ಮಣ್ಣು ಮಾಡಕ್ಕೆ ಹೋದಾಗ ಸಸಿ ತುಳೀಬ್ಯಾಡ್ರಿ ಅಂತ ಬೈದ್ರು. ಅದಕ್ಕೆ ಮೀಟಿಂಗಲ್ಲಿ ಇಟ್ಟು, ಸರ್ವೆ ಮಾಡ್ಸಿ ಕಲ್ಲು ನೆಡ್ಸಬೇಕು ಅಂತ ನಡಾವಳಿ ಬರೆಸ್ದೆ. ಸರ್ವೆಗೆ ದಿನಾನೂ ಗೊತ್ತಾಗೈತೆ. ಅಷ್ಟ್ರಲ್ಲಿ ಹಿಂಗಾಯ್ತು."

ಯಜಮಾನರು ಕಾಯುತ್ತಿದ್ದದ್ದು ಆಯಮ್ಮ ಊರು ಬಿಡುವುದನ್ನು. ಅಜ್ಜಂಪುರದಲ್ಲಿದ್ದ ಮಗಳ ಬಾಣಂತನಕ್ಕೆ ಹೋದ ಕೂಡಲೇ ಬೀರುವಿನ ಹಾಳೆ ಹೊರಗೆ ಬಂದು ತರೀಕೆರೆಯ ಉಪವಿಭಾಗಾಧಿಕಾರಿ ಕಚೇರಿ ಸೇರಿತು. ಅಧ್ಯಕ್ಷರ ರಾಜೀನಾಮೆ ಅಲ್ಲಿಗೇ ಹೋಗಬೇಕು. ಕೊಟ್ಟವರು ಹತ್ತು ದಿನದೊಳಗೆ ವಾಪಸ್ಸು ತೆಗೆದುಕೊಳ್ಳದಿದ್ದರೆ ಅದು ಜಾರಿಗೆ ಬಂದ ಹಾಗೆ. ಮೊಮ್ಮಗುವಿಗೆ ನೀರು ಹಾಕಿಕೊಂಡು ಕೂತವಳಿಗೆ ಹತ್ತು ದಿನ ಕಳೆದದ್ದೂ ಗೊತ್ತಿಲ್ಲ, ರಾಜೀನಾಮೆ ಹೋದದ್ದೂ ಗೊತ್ತಿಲ್ಲ.

"ಹೈಕೋರ್ಟಿಗೆ ರಿಟ್ ಹಾಕಬೇಕು" ಅಂದರು ವಕೀಲರು. "ಮೊದಲು ಆ ಪತ್ರದ ನಕಲು ಬೇಕು. ನಮ್ಮ ಗುಮಾಸ್ತನಿಗೆ ಜ್ವರ. ಟೈಪಕ್ಕ, ನೀನೇ ಒಂದು ಹೆಜ್ಜೆ ಹೋಗಿ ಬಾರಮ್ಮ."

ಕೋರ್ಟಿನ ಸುತ್ತ ಎಲ್ಲರಿಗೂ ನಾನು ಟೈಪಕ್ಕ. ನಮ್ಮಮ್ಮ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದರು. ಅಂಗಡಿ ಬಾಗಿಲು ಹಾಕಿ ಹೋಗಬೇಕಲ್ಲ ಅಂತ ಗೊಣಗಿದೆ, ಆದರೂ ಮರುದಿನ ಹೊರಟೆ.

ಬೀರೂರು ಮೇಲೆ ತರೀಕೆರೆಗೆ ಬಸ್ಸು. ಆಯಮ್ಮ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಅಧ್ಯಕ್ಷೆಯಾದ ಮೂರನೇ ತಿಂಗಳಿಂದ ಅಂಗನವಾಡಿ ಟೀಚರಮ್ಮನ ಹತ್ತಿರ ಅಕ್ಷರ ಕಲಿಯುತ್ತಿದ್ದಳಂತೆ. ಮೊದಲು ಸಹಿ ಕಲಿತಳು. ಆಮೇಲೆ ಪಂಚಾಯ್ತಿಯ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಲ್ಲ.

"ಬ-ಟ್-ಟೆ ಅಂ-ಗ-ಡಿ. ಬಟ್ಟೆ ಅಂಗಡಿ. ಸರಿನಾ ಅಕ್ಕಾ?"

"ಸರಿ ಕಣಮ್ಮ. ಬಸ್ಸು ಮುಂದಕ್ಕೆ ಹೋಯ್ತು, ನಿಂದಿನ್ನೂ ಬಟ್ಟೆ ಅಂಗಡೀಲೇ ಇದೆ" ಅಂತ ರೇಗಿಸಿದೆ. ನಕ್ಕಳು.

ಕಚೇರಿಯವರದೇನೂ ತಪ್ಪಿರಲಿಲ್ಲ. ಪತ್ರ ಟಪಾಲಿಗೆ ಬಂದಿದೆ, ಸೀಲು ಬಿದ್ದಿದೆ, ಹತ್ತು ದಿನದಲ್ಲಿ ವಾಪಸ್ಸಿನ ಅರ್ಜಿ ಬಂದಿಲ್ಲ. ಅರ್ಜಿ ಕೊಟ್ಟು ಮಧ್ಯಾಹ್ನದವರೆಗೆ ಕಾದೆವು. ದೃಢೀಕರಿಸಿದ ನಕಲು ಕೈಗೆ ಬಂತು. ಜೊತೆಗೆ ಅಲ್ಲಿದ್ದವರು ಕಡತದಲ್ಲಿದ್ದ ಅಸಲನ್ನೂ ತೋರಿಸಿದರು.

ಅದನ್ನು ನೋಡಿದ ತಕ್ಷಣ ನನಗೆ ಒಂದು ವಿಷಯ ಹೊಳೆಯಿತು. ಪುಟದಲ್ಲಿ ಎಷ್ಟು ಸಾಲು ಹಿಡಿಯುತ್ತದೆ ಅಂತ ಅಳೆಯುವುದೇ ನನ್ನ ಕೆಲಸ. ಆ ಪತ್ರ ಬರೆದವನು ಮೇಲೆ ದೊಡ್ಡ ಅಕ್ಷರದಲ್ಲಿ, ಧಾರಾಳವಾಗಿ ಜಾಗ ಬಿಟ್ಟು ಶುರು ಮಾಡಿದ್ದ. ಕೆಳಗೆ ಹೆಬ್ಬೆಟ್ಟು ಹತ್ತಿರವಾಗುತ್ತಿದ್ದ ಹಾಗೆ ಅಕ್ಷರ ಸಣ್ಣಗಾಗಿ, ಸಾಲುಗಳು ಒಂದರ ಮೇಲೊಂದು ಏರಿ, ಕೊನೆಯ ಎರಡು ಪದ ಗುರುತಿನ ಪಕ್ಕಕ್ಕೆ ಸರಿದು ಕೂತಿದ್ದವು. ಮೊದಲು ಬರೆದು ಆಮೇಲೆ ಹೆಬ್ಬೆಟ್ಟು ಹಾಕಿಸಿದ್ದರೆ ಯಾರೂ ಹಾಗೆ ಇಕ್ಕಟ್ಟಿನಲ್ಲಿ ಬರೆಯುವುದಿಲ್ಲ, ಹೆಬ್ಬೆಟ್ಟನ್ನು ಕೆಳಗೆ ಒತ್ತಿಸುತ್ತಾರೆ. ಕಂಡೆ, ಸುಮ್ಮನಾದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಆವತ್ತು ಸುಮ್ಮನಾದದ್ದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಬುಧವಾರ ಬೆಳಿಗ್ಗೆ ಯಜಮಾನರೇ ಅಂಗಡಿಗೆ ಬಂದರು. ನಮ್ಮಣ್ಣನ ಕೊಬ್ಬರಿ ಮಂಡಿಗೆ ಅವರದು ವರ್ಷಗಳ ಬಳಕೆ, ನನ್ನನ್ನು ಲಂಗ ಹಾಕುವ ಕಾಲದಿಂದ ನೋಡಿದವರು. ಜೋರು ಮಾಡಲಿಲ್ಲ. ಬೆಂಚಿನ ಮೇಲೆ ಕೂತು ಟೀ ಕುಡಿದರು.

"ನೋಡವ್ವ, ಊರಲ್ಲಿ ಎಲೆಕ್ಷನ್ ಅಂದ್ರೆ ತಲೆ ಒಡೆದಾಟ. ಅದು ಬೇಡ ಅಂತ ನಾವೇ ಹಂಚಿಕೊಟ್ಟಿದ್ದು. ಆಯಮ್ಮ ದೇವರ ಮುಂದೆ ಭಾಷೆ ಕೊಟ್ಟವ್ಳೆ. ಕೊಟ್ಟಿಲ್ಲ ಅನ್ಲಿ, ನಾನು ಇಲ್ಲಿಂದ್ಲೇ ವಾಪಸ್ ಹೋಯ್ತೀನಿ. ಕೋರ್ಟು ಕಚೇರಿ ಬಂದು ಊರಿನ ಕಟ್ಟುಪಾಡು ಕೆಡಿಸ್ಬಾರ್ದು. ನಿಮ್ಮಣ್ಣಂಗೂ ಹೇಳಿದೀನಿ."

ಅಣ್ಣನ ಹೆಸರು ಎತ್ತಿದ್ದು ಯಾಕೆ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. "ನಾನು ಟೈಪ್ ಮಾಡೋಳು ಯಜಮಾನ್ರೇ. ಕೊಟ್ಟಿದ್ದು ಹೊಡೀತೀನಿ, ಅಷ್ಟೇ" ಅಂದೆ. ಅವರು ಹೋದ ಮೇಲೆ ಆಯಮ್ಮನಿಗೆ ಫೋನ್ ಮಾಡಿ ಭಾಷೆಯ ವಿಷಯ ಕೇಳಿದೆ.

"ಕೊಟ್ಟಿದ್ದು ನಿಜ ಅಕ್ಕಾ" ಅಂದಳು. "ಹದಿನೈದು ತಿಂಗ್ಳು ಅಂತ ಕೊಟ್ಟೆ. ಈಗ ಆಗಿರೋದು ಹನ್ನೊಂದೇ."

ಗುರುವಾರ ಬೆಳಿಗ್ಗೆ ವಕೀಲರು ಕೈಬರಹದ ಡ್ರಾಫ್ಟು ಕೊಟ್ಟು ಕೋರ್ಟಿಗೆ ಹೋದರು. ಅಫಿಡವಿಟ್ಟು ಒಂಬತ್ತು ಪುಟ. ನೋಟರಿ ಮುಂದೆ ಪ್ರಮಾಣ ಆಗಿ ಸಂಜೆಯ ರೈಲಿಗೆ ಬೆಂಗಳೂರಿಗೆ ಹೋದರೆ ಶುಕ್ರವಾರವೇ ಹೈಕೋರ್ಟಿನಲ್ಲಿ ವಿಚಾರಣೆಗೆ ಎತ್ತಿಸಬಹುದು. ಶನಿವಾರ ಭಾನುವಾರ ರಜೆ, ಸೋಮವಾರ ಚುನಾವಣೆ. ಹೊಸ ಅಧ್ಯಕ್ಷೆ ಬಂದು ಕೂತರೆ ಮೊದಲ ಮೀಟಿಂಗಿನಲ್ಲೇ ಯಜಮಾನರು ಸರ್ವೆಯ ನಡಾವಳಿಯನ್ನು ರದ್ದು ಮಾಡಿಸುತ್ತಾರೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು.

ಅಷ್ಟೊತ್ತಿಗೆ ಅಂಗಡಿಗೆ ಕಂಪ್ಯೂಟರೂ ಬಂದಿತ್ತು, ಅದರಲ್ಲೇ ಹೊಡೆದೆ. ಕೋರ್ಟಿಗೆ ಹಾಕುವ ದಪ್ಪನೆಯ ಲೆಡ್ಜರ್ ಪೇಪರಿನಲ್ಲಿ ಪ್ರಿಂಟು ತೆಗೆದು, ಪ್ರತಿ ಪುಟದ ಕೆಳಗೆ ತಿದ್ದುಪಡಿಗಳು ಇಲ್ಲ ಅಂತ ಬರೆದು, ಆಯಮ್ಮನ ಮುಂದೆ ಇಟ್ಟೆ. "ಪ್ರತಿ ಪುಟಕ್ಕೂ ಇಲ್ಲಿ ಸಹಿ ಮಾಡಮ್ಮ."

ಆಯಮ್ಮ ಪೆನ್ನು ಹಿಡಿದಳು, ಆದರೆ ಬರೆಯಲಿಲ್ಲ. ಕೊನೆಯ ಪುಟ ತಿರುಗಿಸಿ ಇಂಗ್ಲಿಷು ಸಾಲುಗಳ ಮೇಲೆ ಬೆರಳಿಟ್ಟಳು.

"ಇಲ್ಲೇನು ಬರ್ದಿದೀರಾ ಅಕ್ಕಾ?"

"ಅದಾ? ಇದನ್ನೆಲ್ಲ ನಿಂಗೆ ಕನ್ನಡದಲ್ಲಿ ಓದಿ ಹೇಳಿದೀವಿ, ನಿಂಗೆ ಗೊತ್ತಾಗಿದೆ ಅಂತ."

"ಯಾವಾಗ ಓದಿದ್ರಿ?"

ತಮಾಷೆ ಮಾಡುತ್ತಿರಲಿಲ್ಲ. ತಾನು ಟೀ ಕುಡಿಯಲು ಹೋದಾಗ ಓದಿಬಿಟ್ಟರೇನೋ ಅನ್ನುವ ಹಾಗೆ ಕೇಳಿದಳು. ಇಪ್ಪತ್ತು ವರ್ಷದಿಂದ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ನನಗೆ ಮೊದಲು ಸಿಟ್ಟೇ ಬಂತು. ರೈಲಿಗೆ ಹೊತ್ತಾಗುತ್ತೆ, ಇದೆಲ್ಲ ಪದ್ಧತಿ, ಹಾಕು ಸಹಿ ಅಂದೆ.

"ಒಂದ್ಸಲ ಓದ್ದೆ ಕೇಳ್ದೆ ಒತ್ತಿದ್ದಕ್ಕೆ ಇಲ್ಲಿಗಂಟ ಬಂದಿದೀನಲ್ಲ ಅಕ್ಕಾ" ಅಂದಳು. ದನಿ ಏರಿಸಲಿಲ್ಲ. "ಒಂಚೂರು ಓದಿ."

ಕುರ್ಚಿ ಎಳೆದುಕೊಂಡು ಓದಲು ಕೂತೆ. ಇಂಗ್ಲಿಷು ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾನು ಇಂಥ ಊರಿನವಳು, ಇಂಥ ವಾರ್ಡಿನಿಂದ ಗೆದ್ದವಳು, ಸಂವಿಧಾನ ಕೊಟ್ಟ ಮೀಸಲಾತಿಯಲ್ಲಿ ಅಧ್ಯಕ್ಷೆಯಾದವಳು. ಸಂವಿಧಾನ ಅಂದಾಗ ನನ್ನನ್ನು ತಡೆದು, "ನಮ್ಮಂಥೋರ ವಿಚಾರನೂ ಅದ್ರಲ್ಲಿ ಬರ್ದವ್ರಾ?" ಅಂತ ಕೇಳಿದಳು. ಪಂಚಾಯ್ತಿಯಲ್ಲಿ ಹೆಂಗಸರಿಗೆ, ನಿಮ್ಮ ಜನಕ್ಕೆ ಇಷ್ಟು ಜಾಗ ಬಿಡಲೇಬೇಕು ಅಂತ ಬರೆದಿದೆ ಕಣಮ್ಮ, ಅದಕ್ಕೇ ಯಜಮಾನರು ನಿನ್ನನ್ನು ಕೂರಿಸಬೇಕಾಯ್ತು ಅಂದೆ. "ಅವ್ರೇ ದೊಡ್ಡ ಮನಸ್ಸು ಮಾಡಿ ಕೂರಿಸಿದ್ದು ಅಂದ್ಕೊಂಡಿದ್ದೆ" ಅಂದಳು.

ಐದನೇ ಪುಟಕ್ಕೆ ಬಂದಾಗ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಯಿತು. ಸದರಿ ಪತ್ರದ ಮೇಲಿನ ಹೆಬ್ಬೆಟ್ಟಿನ ಗುರುತು ನನ್ನದಲ್ಲ, ನನಗೆ ಸಹಿ ಮಾಡಲು ಬರುತ್ತದೆ, ಯಾರೋ ನಕಲಿ ಗುರುತು ಒತ್ತಿದ್ದಾರೆ ಅಂತ ಇತ್ತು. ಓದಿದೆ. ಆಯಮ್ಮ ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಅದು ನಂದೇ ಹೆಬ್ಬೆಟ್ಟು ಅಕ್ಕಾ. ವಕೀಲ್ರಿಗೆ ಹೇಳಿದ್ನಲ್ಲ."

"ಹೇಳಿದ್ದೆ. ಆದ್ರೆ ಅದನ್ನ ಒಪ್ಕೊಂಡ್ರೆ ಕೇಸು ನಿಲ್ಲಲ್ಲ ಅಂತ ಅವ್ರು ಹಿಂಗೆ ಬರ್ದಿದಾರೆ."

"ನಿಲ್ದಿದ್ರೆ ಬಿದ್ದೋಗ್ಲಿ. ನಂದಲ್ಲ ಅಂತ ಪ್ರಮಾಣ ಮಾಡಿ, ನಾಳೆ ಊರಮ್ಮನ ಮುಂದೆ ಹೆಂಗೆ ನಿಲ್ಲಲಿ? ಯಜಮಾನ್ರು ಸುಳ್ಳು ಮಾಡಿದ್ರು ಅಂತ ಬಂದೋಳು ನಾನು."

ವಕೀಲರು ಊಟದ ಹೊತ್ತಿಗೆ ಬಂದವರು ಕೆಂಡವಾದರು. ಕೆಟ್ಟ ಮನುಷ್ಯರಲ್ಲ ಅವರು. ಬಡವರ ಕೇಸು ಅಂದರೆ ಫೀಸಿನ ಮಾತೇ ಎತ್ತುತ್ತಿರಲಿಲ್ಲ. ಆದರೆ ಗೆಲ್ಲುವ ಆತುರ.

"ಹೆಬ್ಬೆಟ್ಟು ನಿಂದೇ ಅಂತ ನೀನೇ ಬರ್ಕೊಟ್ರೆ ಜಡ್ಜು ಏನಮ್ಮ ಮಾಡ್ತಾರೆ? ಕೊಟ್ಟಿದ್ದೀಯ, ಹತ್ತು ದಿನ ಸುಮ್ನಿದ್ದೆ, ಹೋಗು ಅಂತಾರೆ. ನೀನು ಹೇಳಿದಂಗೆ ಬರೆಯೋದಾದ್ರೆ ನಾನ್ಯಾಕೆ, ನೀನೇ ವಾದ ಮಾಡ್ಕೊ. ಟೈಪಕ್ಕ, ನಿಂಗೆ ಯಾರಮ್ಮ ಓದಕ್ಕೆ ಹೇಳಿದ್ದು?"

"ಕೊನೇ ಪುಟದಲ್ಲಿ ನೀವೇ ಬರ್ದಿದೀರಲ್ಲ ಸಾರ್, ಓದಿ ಹೇಳಿದೆ ಅಂತ" ಅಂದುಬಿಟ್ಟೆ.

ಅಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತು ಆಡಿದ್ದು ಅದೇ ಮೊದಲು. ಬಾಯಿ ಒಮ್ಮೆ ಬಿಟ್ಟಾಯಿತಲ್ಲ, ಇನ್ನು ತಡೆದುಕೊಂಡು ಏನು ಮಾಡಲಿ. ತರೀಕೆರೆಯಿಂದ ತಂದ ನಕಲನ್ನು ಅವರ ಮುಂದೆ ಹರವಿದೆ. ಮೇಲಿನ ದೊಡ್ಡ ಅಕ್ಷರ ನೋಡಿ ಸಾರ್, ಕೆಳಗಿನ ಸಣ್ಣ ಅಕ್ಷರ ನೋಡಿ. ಜಾಗ ಸಾಲದೆ ಕೊನೆಯ ಎರಡು ಪದ ಹೆಬ್ಬೆಟ್ಟಿನ ಪಕ್ಕಕ್ಕೆ ಸರಿದಿವೆ. ಮೊದಲು ಬಿದ್ದದ್ದು ಹೆಬ್ಬೆಟ್ಟು, ಆಮೇಲೆ ಬರಹ. ಹುದ್ದೆಗೆ ಬಂದ ಮೂರನೇ ತಿಂಗಳಿಂದ ಆಯಮ್ಮ ಎಲ್ಲಾ ಕಡೆ ಸಹಿ ಮಾಡಿದ್ದಾಳೆ, ನಡಾವಳಿ ಪುಸ್ತಕ ತರಿಸಿ ನೋಡಿ. ಹಾಗಾದರೆ ಈ ಹೆಬ್ಬೆಟ್ಟು ಯಾವ ಕಾಲದ್ದು?

ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಾಗದವನ್ನು ಬೆಳಕಿಗೆ ಹಿಡಿದರು. ಊಟದ ಡಬ್ಬಿ ಪಕ್ಕದಲ್ಲಿ ಹಾಗೇ ಇತ್ತು.

"ಯಾವಾಗ ನೋಡ್ದೆ ಇದನ್ನ?"

"ಮಂಗಳವಾರ."

"ಮಂಗಳವಾರ ನೋಡಿ ಗುರುವಾರ ಹೇಳ್ತೀಯ, ಮಹಾತಾಯಿ."

ಬೈಯಲಿ ಅಂತ ತಲೆ ತಗ್ಗಿಸಿ ನಿಂತೆ. ಅವರು ಬೈಯಲಿಲ್ಲ, ಪೆನ್ನು ಕೇಳಿದರು. ಬೆಂಚಿನ ಮೇಲೆ ಕೂತು ಐದು, ಆರು, ಏಳನೇ ಪುಟಗಳನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಹೆಬ್ಬೆಟ್ಟು ನನ್ನದೇ, ಹುದ್ದೆಗೆ ಬರುವ ಮೊದಲು ಖಾಲಿ ಹಾಳೆಯ ಮೇಲೆ ತೆಗೆದುಕೊಂಡದ್ದು. ಇನ್ನೂ ಕೈಗೆ ಬಾರದ ಹುದ್ದೆಗೆ ಯಾರೂ ರಾಜೀನಾಮೆ ಕೊಡಲು ಆಗುವುದಿಲ್ಲ. ಸಂವಿಧಾನ ಕೊಟ್ಟ ಜಾಗವನ್ನು ಒಂದು ಜಗುಲಿಯ ಮೇಲೆ ಒತ್ತೆ ಇಡಲು ಬರುವುದಿಲ್ಲ. ಭಾಷೆ ಕೊಟ್ಟದ್ದನ್ನೂ ಬರೆಯಿರಿ ಅಂದಳು ಆಯಮ್ಮ. ಅದನ್ನೂ ಬರೆದರು. ಬರೆಯುತ್ತಾ ಬರೆಯುತ್ತಾ ಅವರ ಮುಖದಲ್ಲಿ ಹುರುಪು ಬಂದದ್ದು ಈಗಲೂ ನನ್ನ ಕಣ್ಣ ಮುಂದಿದೆ. ಅವರು ಈಗಿಲ್ಲ. ಆ ಮಧ್ಯಾಹ್ನ ಅವರು ಊಟ ಮರೆತು ಬರೆದ ಹಾಗೆ ಬರೆಯುವವರನ್ನು ಮತ್ತೆ ನೋಡಲಿಲ್ಲ.

ಬರೆದು ಕೊಡುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಕಂಪ್ಯೂಟರು ಕಪ್ಪಗಾಯಿತು. ಮೂರು ಪುಟ ಮಾತ್ರ ಟೈಪ್ ಮಿಷಿನ್ನಿನಲ್ಲಿ ಹೊಡೆದು ಸೇರಿಸಿದರೆ ಅಕ್ಷರ ಬೇರೆ ಬೇರೆ ಕಾಣುತ್ತದೆ. ಕಾಗದದಲ್ಲಿ ಆಮೇಲೆ ಬರೆದು ಸೇರಿಸಿದ ಆರೋಪ ಹೊರಿಸಲು ಹೋಗುವವರ ಕಾಗದವೇ ಹಾಗಿದ್ದರೆ ನಗೆಪಾಟಲು. ಒಂಬತ್ತು ಪುಟವನ್ನೂ ಮಿಷಿನ್ನಿನಲ್ಲೇ ಹೊಡೆಯಲು ಕೂತೆ.

ಎರಡು ಗಂಟೆ ಎರಡು ನಿಮಿಷದ ಹಾಗೆ ಕಳೆಯಿತು. ಹೊಂಗೆ ಮರದ ನೆರಳು ಬಾಗಿಲಿನಿಂದ ಒಳಗೆ ಬಂತು. ಆಯಮ್ಮ ಪಕ್ಕದಲ್ಲಿ ನಿಂತು ಹೊಡೆದ ಹಾಳೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಜೋಡಿಸಿಡುತ್ತಿದ್ದಳು. ಆರನೇ ಪುಟದಲ್ಲಿ ಒಂದು ಪದ ತಪ್ಪಿತು, ಹೊಡೆದುಹಾಕಿ ಕೆಳಗೆ ತಿದ್ದುಪಡಿ ಒಂದು ಅಂತ ನಮೂದಿಸಿದೆ. ಕೊನೆಯ ಪುಟಕ್ಕೆ ಬಂದು ನನ್ನ ಆ ಹಳೇ ವಾಕ್ಯ ಹೊಡೆಯುವಾಗ ಬೆರಳು ಒಂದು ಗಳಿಗೆ ನಿಂತಿತು. ಪೂರ್ತಿ ಓದಿ ಹೇಳಿದೆ, ಮೊದಲಿಂದ. ವಕೀಲರೂ ಎದ್ದು ಹೋಗದೆ ಕೂತು ಕೇಳಿದರು.

"ಈಗ ಸರಿ" ಅಂದಳು ಆಯಮ್ಮ.

"ಹಂಗಾದ್ರೆ ಸಹಿ ಮಾಡಿ" ಅಂದೆ. ಮಾಡಿ ಅಂತ ಬಾಯಿಗೆ ಬಂದದ್ದು ಆಮೇಲೆ ಗೊತ್ತಾಯಿತು. ಅಲ್ಲಿಯವರೆಗೆ ಅಷ್ಟು ದೊಡ್ಡ ಹೆಂಗಸಿಗೆ ಹೋಗು ಬಾ ಅನ್ನುತ್ತಿದ್ದೆ.

ಒಂಬತ್ತು ಸಹಿ. ಒಂದೊಂದಕ್ಕೂ ನಾಲಿಗೆ ಕಚ್ಚಿಕೊಂಡು, ಒಂದೊಂದೂ ಒಂದೊಂದು ಅಳತೆ. ನೋಟರಿ ಸೀಲು ಹಾಕಿದರು. ಜ್ವರ ಬಿಟ್ಟಿದ್ದ ಗುಮಾಸ್ತ ಸಂಜೆಯ ರೈಲು ಹತ್ತಿದ.

ಶುಕ್ರವಾರ ಸಂಜೆಯಾದರೂ ಬೆಂಗಳೂರಿನಿಂದ ಫೋನು ಇಲ್ಲ. ಆಯಮ್ಮ ಅಂಗಡಿಯ ಬೆಂಚು ಬಿಟ್ಟು ಏಳಲಿಲ್ಲ. ನನಗಂತೂ ಒಂದು ಪುಟ ಹೊಡೆದರೆ ಹತ್ತು ತಪ್ಪು. ನಮ್ಮಣ್ಣ ಬೇರೆ ಬಂದು, ಯಜಮಾನರು ಕೊಬ್ಬರಿ ಬೇರೆ ಮಂಡಿಗೆ ಹಾಕುತ್ತಾರಂತೆ, ನಿನಗೆ ಬೇಕಿತ್ತಾ ಇದು ಅಂತ ಕೂಗಾಡಿ ಹೋದ. ಕೋರ್ಟಿನ ಗೇಟು ಮುಚ್ಚುವ ಹೊತ್ತಿಗೆ ವಕೀಲರು ಮೊಬೈಲು ಕಿವಿಗಿಟ್ಟುಕೊಂಡು ರಸ್ತೆ ದಾಟಿ ಬಂದರು. ಚುನಾವಣೆಗೆ ತಡೆಯಾಜ್ಞೆ ಸಿಕ್ಕಿತ್ತು. ನಾನು ಅತ್ತುಬಿಟ್ಟೆ. ಆಯಮ್ಮ ಅಳಲಿಲ್ಲ. "ಸರ್ವೆಯೋರಿಗೆ ಫೋನ್ ಮಾಡ್ಬೇಕು" ಅಂದಳು.

ಮೂರು ತಿಂಗಳಿಗೆ ಪೂರ್ತಿ ಆದೇಶವೇ ಬಂತು. ಖಾಲಿ ಹಾಳೆಯ ಮೇಲೆ ಮೊದಲೇ ತೆಗೆದಿಟ್ಟುಕೊಂಡದ್ದು ರಾಜೀನಾಮೆಯೇ ಅಲ್ಲ, ಹುದ್ದೆಯಲ್ಲಿ ಇರುವುದೂ ಬಿಡುವುದೂ ಅದನ್ನು ಹೊತ್ತವರ ಸ್ವಂತ ಮನಸ್ಸಿನಿಂದ ಆಗಬೇಕು ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಅದನ್ನೂ ಆಯಮ್ಮನಿಗೆ ಓದಿ ಹೇಳಿದೆ. ಅಷ್ಟರಲ್ಲಿ ಸರ್ವೆ ಮುಗಿದು ಕಲ್ಲು ನೆಟ್ಟಾಗಿತ್ತು, ತೆಂಗಿನ ಸಸಿಗಳನ್ನು ಯಜಮಾನರೇ ಕೀಳಿಸಿಕೊಂಡಿದ್ದರು. ಸುದ್ದಿ ಹಬ್ಬಿತು. ಯಗಟಿ ಕಡೆಯಿಂದ, ಅಜ್ಜಂಪುರದ ಕಡೆಯಿಂದ ಹೆಂಗಸರು ಬಂದು, ನಮ್ಮದೂ ಒಂದು ಹಾಳೆ ಇದೆ ಟೈಪಕ್ಕ ಅಂತ ಬೆಂಚಿನ ಮೇಲೆ ಕೂರತೊಡಗಿದರು. ಕೆಲವು ಊರುಗಳಲ್ಲಿ ಯಜಮಾನರುಗಳೇ ಹಾಳೆಗಳನ್ನು ಒಲೆಗೆ ಹಾಕಿದರಂತೆ. ಬೇರೆ ಊರುಗಳಲ್ಲಿ ಬೇರೆ ಉಪಾಯ ಹುಡುಕಿಕೊಂಡರು, ಅದೂ ನನಗೆ ಗೊತ್ತು.

ಹದಿನೈದು ತಿಂಗಳು ತುಂಬಿದ ದಿನ ಆಯಮ್ಮ ಮತ್ತೆ ಬಂದಳು. ಜೊತೆಗೆ ತೆಳ್ಳಗಿನ, ಮಾತು ಕಮ್ಮಿಯ ಇನ್ನೊಬ್ಬ ಹೆಂಗಸು.

"ರಾಜೀನಾಮೆ ಪತ್ರ ಒಂದು ಹೊಡ್ಕೊಡಿ ಅಕ್ಕಾ. ಕನ್ನಡದಲ್ಲೇ."

ನನಗೆ ರೇಗಿಹೋಯಿತು. "ತಲೆ ನೆಟ್ಟಗಿದೆಯಾ ನಿಮಗೆ? ಹೈಕೋರ್ಟಿಗೆ ಹೋಗಿ ಗೆದ್ದು, ಇನ್ನೂ ಹದಿನೈದು ತಿಂಗಳು ಇಟ್ಕೊಂಡು, ಯಜಮಾನ್ರು ಹೇಳಿದಂಗೇ ಮಾಡ್ತೀರಾ? ವಕೀಲ್ರು ಕೇಳಿದ್ರೆ ನನ್ನನ್ನ ನೇಣು ಹಾಕ್ತಾರೆ."

"ಕೋರ್ಟು ಇರು ಅಂತಾನೂ ಅಂದಿಲ್ಲ, ಬಿಡು ಅಂತಾನೂ ಅಂದಿಲ್ಲ. ನಿನ್ನ ಮನಸ್ಸು ಅಂತ ಅಂದೈತೆ. ನೀವೇ ತಾನೆ ಓದಿ ಹೇಳಿದ್ದು" ಅಂದಳು. ಪಕ್ಕದವಳನ್ನು ತೋರಿಸಿದಳು. "ನಾನು ಭಾಷೆ ಕೊಟ್ಟಿದ್ದು ಯಜಮಾನ್ರಿಗಲ್ಲ ಅಕ್ಕಾ, ಇವಳಿಗೆ. ಮುಂದಿನ ಅಧ್ಯಕ್ಷೆ ಇವಳೇ. ಇವಳ ಗಂಡನ್ನೂ ಅಲ್ಲೇ ಮಣ್ಣು ಮಾಡಿರೋದು."

ಮಿಷಿನ್ನಿಗೆ ಹಾಳೆ ಏರಿಸಿ ನಾಲ್ಕು ಸಾಲು ಹೊಡೆದೆ. ಓದಿ ಹೇಳಲು ಬಾಯಿ ತೆರೆದೆ. ಆಯಮ್ಮ ಕೈ ಚಾಚಿ ಹಾಳೆ ಇಸಿದುಕೊಂಡು, ತಡೆದು ತಡೆದು, ಬೆರಳಿಟ್ಟುಕೊಂಡು, ತಾನೇ ಓದಿದಳು. ಕೊನೆಯವರೆಗೂ ಓದಿ ಸಹಿ ಮಾಡಿದಳು. ನಾನು ಸುಮ್ಮನೆ ಕೂತು ಕೇಳಿದೆ.

ಹೊರಡುವ ಹೊತ್ತಿಗೆ ನನಗೆ ಹಳೇ ಭಯ ಬಂತು. ಆ ತೆಳ್ಳಗಿನ ಹೆಂಗಸನ್ನು ಕೇಳಿದೆ, "ನಿಮ್ಮ ಹತ್ರಾನೂ ಖಾಲಿ ಹಾಳೆ ಮೇಲೆ ಹೆಬ್ಬೆಟ್ಟು ತಗೊಂಡಿದಾರೇನಮ್ಮ?"

ಅದುವರೆಗೆ ಬಾಯಿ ಬಿಡದವಳು ಸೆರಗು ಸರಿಮಾಡಿಕೊಂಡು ಹೇಳಿದಳು. "ನಿನ್ನೆ ಯಜಮಾನ್ರು ಕರೆಸಿದ್ರು. ಹಾಳೆ ಇಟ್ರು. ಓದಿ ಹೇಳಿ ಅಂದೆ. ಏನೂ ಬರ್ದಿಲ್ವಲ್ಲ, ಏನು ಓದೋದು ಅಂದ್ರು. ಹಂಗಾದ್ರೆ ಬರ್ದ ಮೇಲೆ ಕರೀರಿ ಅಂತ ಎದ್ದು ಬಂದ್ಬಿಟ್ಟೆ."

ತರೀಕೆರೆ ಬಸ್ಸು ಬಂತು. ಇಬ್ಬರೂ ಹತ್ತಿದರು. ಕಿಟಕಿ ಪಕ್ಕದಲ್ಲಿ ಆಯಮ್ಮ ಅವಳನ್ನು ಕೂರಿಸಿ, ನನ್ನ ಅಂಗಡಿಯ ಬೋರ್ಡಿನ ಕಡೆ ಬೆರಳು ತೋರಿಸಿ ಏನೋ ಹೇಳುತ್ತಿದ್ದಳು.